ಯಾವ ಗ್ಯಾಸು ಅದು

ಬಾವನ ತಿಥಿ ಮುಗಿಸಿಕೊಂಡು ಹೊಸ ಅಗ್ರಹಾರದ ಕಡೆಯಿಂದ ಹುಣಸೂರಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತಿದ್ದಳು. ಅಷ್ಟು ದಿನ ಅವಳು ಯಾರೊಡನೆಯೂ ನೆಟ್ಟಗೆ ಮಾತಾಡಿರಲಿಲ್ಲ. ಬಂದವರು ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು, ಅವಳು ಅವರಿಗೆ ನೀರು ಕೊಡಿ ಅನ್ನುತ್ತಿದ್ದಳು, ಅಷ್ಟೆ. ಕೆ.ಆರ್. ನಗರ ದಾಟಿದ ಮೇಲೆ, ಗದ್ದೆ ಬಯಲಿನ ನಡುವೆ ಬಸ್ಸು ಓಡುತ್ತಿರುವಾಗ, ಕಿಟಕಿಯ ಕಡೆಗೇ ಮುಖ ಇಟ್ಟುಕೊಂಡು ಕೇಳಿದಳು.

"ಯಾವ ಗ್ಯಾಸೋ ಅದು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.

"ನೀನೂ ಅವ್ರೂ ಇಷ್ಟು ವರ್ಷದಿಂದ ಅದೇ ಕೆಲ್ಸ ಮಾಡ್ಕಂಡು ಬಂದಿದೀರ. ಪೈಪಿನೊಳಗಿರೋದು ಏನು ಅಂತ ಗೊತ್ತಾಗ್ಲಿಲ್ವಾ?"

ಬೈಗುಳದ ದನಿಯಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದಳು. ಬಾವ ಇದ್ದಿದ್ದರೆ ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು ವಿವರವಾಗಿ ಹೇಳುತ್ತಿದ್ದರು.

ಬಾವ ಅಂದರೆ ಅಕ್ಕನ ಗಂಡ. ಹುಟ್ಟಿದ್ದು ಹೊಸ ಅಗ್ರಹಾರದ ಪಕ್ಕದ ಹಳ್ಳಿಯಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಸೌದೆ ಉರಿಸುವ ಕೆಲಸಕ್ಕೆ ಹೋಗಿದ್ದರಂತೆ. ಒಲೆಯ ಬಾಯಿಯ ಮುಂದೆ ಕೂತು ಕೂತು ಸಾಕಾಗಿ, ತಣ್ಣಗಿರುವ ಕೆಲಸ ಯಾವುದಾದರೂ ಇದೆಯಾ ಅಂತ ಹುಡುಕಿಕೊಂಡು ಮೈಸೂರಿಗೆ ಹೋದೆ ಎಂದು ನಗುತ್ತ ಹೇಳುತ್ತಿದ್ದರು. ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಫ್ರಿಜ್ಜು, ಎಸಿ ರಿಪೇರಿ ಕಲಿತರು. ಅಕ್ಕನನ್ನು ಮದುವೆಯಾದ ಮೇಲೆ ಹುಣಸೂರಿನಲ್ಲಿ ಅಂಗಡಿ ಇಟ್ಟರು. ಅವರಿಗೆ ಮಕ್ಕಳಾಗಲಿಲ್ಲ. ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಕರೆದುಕೊಂಡು ಹೋಗಿ ಕೈಗೆ ಸ್ಪ್ಯಾನರ್ ಕೊಟ್ಟರು. ಊಟ, ನಿದ್ದೆ, ಕೆಲಸ ಎಲ್ಲ ಅವರ ಜೊತೆಯಲ್ಲೇ ಆಯಿತು.

ಅವರ ಜೊತೆ ಅದೇ ವರ್ಕ್‌ಶಾಪಿನಲ್ಲಿ, ಅದೇ ಮೇಸ್ತ್ರಿಯ ಕೈಕೆಳಗೆ ಕಲಿತ ಇನ್ನೊಬ್ಬರಿದ್ದರು. ಅವರು ಪಿರಿಯಾಪಟ್ಟಣದಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಅಕ್ಕನಿಗೆ ಅವರು ಅಣ್ಣನ ಹಾಗೆಯೇ ಇದ್ದರು, ಅವಳನ್ನು ತಂಗೀ ಎನ್ನುತ್ತಿದ್ದರು. ಹಬ್ಬಕ್ಕೆ ಅವರು ನಮ್ಮ ಮನೆಗೆ ಬರುವುದು, ನಾವು ಅವರ ಮನೆಗೆ ಹೋಗುವುದು ಇತ್ತು. ಬಾವನಿಗೂ ಅವರಿಗೂ ಜಗಳವೂ ಇತ್ತು. ಆ ಜಗಳ ಗ್ಯಾಸಿನ ಬಗ್ಗೆ.

ಎಸಿಯೊಳಗಿನ ಗ್ಯಾಸು ಒಲೆಯ ಗ್ಯಾಸಿನಂತೆ ಖರ್ಚಾಗುವುದಲ್ಲ. ತಾಮ್ರದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಒಳಗಿನ ಶಾಖವನ್ನು ಹೊರಗೆ ಹೊತ್ತು ಹಾಕುತ್ತದೆ. ಎಲ್ಲಾದರೂ ತೂತು ಬಿದ್ದರೆ ಮಾತ್ರ ಹೋಗುವುದು. ನಾವು ಕೆಲಸ ಕಲಿತ ಕಾಲದಲ್ಲಿ ಎಲ್ಲ ಎಸಿಗೂ ಒಂದೇ ಗ್ಯಾಸು, ಇಪ್ಪತ್ತೆರಡು ನಂಬರಿನದು. ಒಳ್ಳೆಯ ಗ್ಯಾಸು. ಬೆಂಕಿ ಹತ್ತುವುದಿಲ್ಲ, ಯಾವ ಹಳೇ ಮೆಷಿನ್ನಿಗೂ ಒಗ್ಗುತ್ತದೆ. ಆದರೆ ಅದು ಆಕಾಶದ ಓಝೋನ್ ಪದರವನ್ನು ತಿನ್ನುತ್ತದೆ ಅಂತ ಆಯಿತು. ಹೊಸ ಎಸಿಗಳಲ್ಲಿ ಅದನ್ನು ಹಾಕುವುದು ನಿಂತಿತು. ಬರಬರುತ್ತ ಸಿಲಿಂಡರು ಸಿಗುವುದೇ ಕಷ್ಟವಾಯಿತು, ಸಿಕ್ಕರೂ ಕಲಬೆರಕೆ. ಆದರೆ ನಮ್ಮ ತಾಲೂಕುಗಳಲ್ಲಿ ಗೋಡೆಗೆ ಕೂತಿರುವ ಎಸಿಗಳಲ್ಲಿ ಎಷ್ಟೋ ಹಳೆಯವು. ಬ್ಯಾಂಕಿನಲ್ಲಿ, ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಲ್ಯಾಣ ಮಂಟಪದಲ್ಲಿ, ಎಚ್.ಡಿ. ಕೋಟೆ ಕಡೆಯ ಲಾಡ್ಜುಗಳಲ್ಲಿ. ಅವುಗಳಲ್ಲಿ ಗ್ಯಾಸು ಸೋರಿದರೆ ತುಂಬುವುದು ಏನನ್ನು?

ಬಾವ ಆರಿಸಿಕೊಂಡದ್ದು ನಾನೂರ ಏಳು ಎಂಬ ಗ್ಯಾಸನ್ನು. ಅದೂ ಉರಿಯುವುದಿಲ್ಲ. ಆದರೆ ಕೆಲಸ ಜಾಸ್ತಿ. ಹಳೇ ಆಯಿಲು ಆ ಗ್ಯಾಸಿಗೆ ಆಗುವುದಿಲ್ಲ, ಕಂಪ್ರೆಸರ್ ಬಿಚ್ಚಿ ಆಯಿಲನ್ನೆಲ್ಲ ಬಸಿದು ಬೇರೆ ಆಯಿಲು ಹಾಕಬೇಕು, ಫಿಲ್ಟರ್ ಬದಲಿಸಬೇಕು. ಅಷ್ಟೆಲ್ಲ ಮಾಡಿದ ಮೇಲೂ ತಂಪು ಮೊದಲಿಗಿಂತ ಒಂದು ಗುಲಗಂಜಿ ಕಮ್ಮಿಯೇ. ಪಿರಿಯಾಪಟ್ಟಣದ ಅಣ್ಣ ಆರಿಸಿಕೊಂಡದ್ದು ಇನ್ನೂರ ತೊಂಬತ್ತು. ಅದು ಒಲೆಯ ಗ್ಯಾಸಿನ ಹತ್ತಿರದ ನೆಂಟ. ಹಳೇ ಆಯಿಲಿಗೇ ಒಗ್ಗುತ್ತದೆ, ಕೊರೆಯುವ ಹಾಗೆ ತಣ್ಣಗೆ ಮಾಡುತ್ತದೆ, ಕರೆಂಟೂ ಕಮ್ಮಿ ತಿನ್ನುತ್ತದೆ, ಆಕಾಶಕ್ಕೂ ಕೆಡುಕಿಲ್ಲ. ಆದರೆ ಕಿಡಿ ತಾಗಿದರೆ ಉರಿಯುತ್ತದೆ.

"ಆ ಗ್ಯಾಸು ಕೆಟ್ಟದ್ದು ಅಂತ ನಾನ್ ಯೋಳ್ತಾ ಇಲ್ಲ ಕಣಯ್ಯ," ಎನ್ನುತ್ತಿದ್ದರು ಬಾವ. "ಅದ್ಕೇ ಅಂತ ಮಾಡಿರೋ ಮೆಷಿನ್ನಲ್ಲಿ ಇರ್ಲಿ. ಹಳೇ ಮೆಷಿನ್ನಿಗೆ ತುಂಬಬ್ಯಾಡ. ಅದ್ರ ಸ್ವಿಚ್ಚು, ವೈರು ಎಲ್ಲಾ ಉರೀದಿರೋ ಗ್ಯಾಸಿಗೆ ಅಂತ ಮಾಡಿರೋದು."

"ನಾನೇನು ಕಣ್ಮುಚ್ಕಂಡು ತುಂಬ್ತೀನಾ?" ಎನ್ನುತ್ತಿದ್ದರು ಅಣ್ಣ. "ಜಾಯಿಂಟೆಲ್ಲಾ ಸೋಪ್ ನೀರಾಕಿ ನೋಡ್ತೀನಿ. ಮೇಲೆ ಕೆಂಪು ಸ್ಟಿಕ್ಕರ್ ಅಂಟುಸ್ತೀನಿ. ಬೆಂಕಿ ಬೊಂಬೆ ಇರೋದು. ಕುರುಡನಿಗೂ ಕಾಣ್ತದೆ."

"ಆಯ್ತು ಬುಡು, ನಿಂಗೆ ಯೋಳೋರು ಯಾರು," ಎಂದು ಬಾವ ನಗುತ್ತಿದ್ದರು. ಕಾಫಿ ಬರುತ್ತಿತ್ತು. ಮಾತು ಬೇರೆ ಕಡೆ ತಿರುಗುತ್ತಿತ್ತು.

ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದಿಂದ ನಮಗೆ ಕರೆ ಬಂದದ್ದು ಮದುವೆಗಳ ಕಾಲ ಶುರುವಾಗುವ ಹೊತ್ತಿಗೆ. ವರನ ಕೋಣೆಯ ಎಸಿ ತಣ್ಣಗಾಗುತ್ತಿಲ್ಲ. ಹೋಗಿ ನೋಡಿದೆವು. ಹಳೇ ಮೆಷಿನ್ನು, ಕಂಪನಿಯವರು ಹೊಡೆದ ತಗಡಿನ ಫಲಕದಲ್ಲಿ ಇಪ್ಪತ್ತೆರಡು ನಂಬರಿನ ಗ್ಯಾಸು ಅಂತ ಇತ್ತು. ಹೊರಗಿನ ಯೂನಿಟ್ಟಿನ ಪೈಪು ಬಾಗುವ ಒಂದು ಕಡೆ ಎಣ್ಣೆ ಜಿನುಗಿತ್ತು, ಸೋರಿಕೆ ಅಲ್ಲೇ ಅಂತ ಗೊತ್ತಾಯಿತು. ಇದೇ ಸಮಯಕ್ಕೆ ಗ್ಯಾಸನ್ನೂ ಬದಲಿಸಿಬಿಡೋಣ, ನಾನೂರ ಏಳು ಹಾಕೋಣ ಎಂದು ಬಾವ ಮಾಲೀಕರಿಗೆ ತಿಳಿಸಿ ಹೇಳಿದರು. ಅವರು ಮದುವೆಗೆ ಮುಂಚೆ ಆದರೆ ಸಾಕು ಎಂದರು.

ಯೂನಿಟ್ಟು ಇದ್ದದ್ದು ಮೇಲಿನ ತಾರಸಿಯ ಮೂಲೆಯಲ್ಲಿ. ಕೆಳಗಿನಿಂದ ಫೋಟೋ ತೆಗೆದರೆ ಕಾಣಬಾರದು ಅಂತ ಮೂರು ಕಡೆ ಗೋಡೆ ಎಬ್ಬಿಸಿ, ನಾಲ್ಕನೆಯ ಕಡೆ ತಗಡಿನ ಬಾಗಿಲು ಇಟ್ಟಿದ್ದರು. ಬಾವ ಗೇಜು ಹಾಕಿ ನೋಡಿದರು. ಹಳೇ ಗ್ಯಾಸಿಗೂ ಇನ್ನೂರ ತೊಂಬತ್ತಕ್ಕೂ ಒತ್ತಡ ಹೆಚ್ಚುಕಮ್ಮಿ ಒಂದೇ, ಮುಳ್ಳು ನೋಡಿ ಹೇಳಲು ಆಗುವುದಿಲ್ಲ. ಒಲೆಯ ಗ್ಯಾಸಿಗೆ ಬೆರೆಸುವ ವಾಸನೆಯನ್ನು ಎಸಿಯ ಗ್ಯಾಸಿಗೆ ಬೆರೆಸುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಇದನ್ನೆಲ್ಲ ನಾನು ಈಗ ಬರೆಯುತ್ತಿದ್ದೇನೆ. ಆವತ್ತು ಇದು ನಮ್ಮಿಬ್ಬರ ತಲೆಗೂ ಬರಲಿಲ್ಲ, ಬರುವಂಥ ಕಾರಣವೂ ಇರಲಿಲ್ಲ. ಉಳಿದ ಗ್ಯಾಸನ್ನು ಬಾವ ಅಲ್ಲೇ ಗಾಳಿಗೆ ಬಿಟ್ಟರು. ನಮ್ಮ ಕಡೆಯ ಮೆಕ್ಯಾನಿಕ್‌ಗಳೆಲ್ಲ ಹಾಗೇ ಮಾಡುತ್ತಿದ್ದದ್ದು.

"ನೈಟ್ರೋಜನ್ ಸಿಲಿಂಡರ್ ತಕ್ಕಂಡು ಬಾರ್ಲಾ, ಅಷ್ಟ್ರಲ್ಲಿ ಬೆಸುಗೆ ಕಾಯ್ಸಿ ಈ ಪೈಪಿನ ಬಾಗನ್ನ ಬಿಚ್ಚಿಟ್ಟಿರ್ತೀನಿ," ಅಂದರು.

ನಾನು ಕೆಳಗೆ ಗಾಡಿಯ ಹತ್ತಿರ ಇದ್ದೆ. ಗಾಳಿಯೇ ಇಲ್ಲದ ಮಧ್ಯಾಹ್ನ. ದೊಡ್ಡ ಜಮಖಾನವನ್ನು ಯಾರೋ ಒಮ್ಮೆ ಜೋರಾಗಿ ಒದರಿದಂಥ ಸದ್ದು ಕೇಳಿತು. ಸ್ಫೋಟ ಅನ್ನುವಂಥದ್ದಲ್ಲ. ಮೇಲೆ ಓಡಿದೆ. ತಗಡಿನ ಬಾಗಿಲು ತೆರೆದೇ ಇತ್ತು. ಬಾವ ಹೊರಗೆ ಬಂದು ತಾರಸಿಯ ಮೇಲೆ ಕೂತಿದ್ದರು, ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡು. ಅಂಗಿ ಇನ್ನೂ ಹತ್ತಿಕೊಂಡಿತ್ತು. ನನ್ನ ಮುಖ ನೋಡಿ, "ನೀರಾಕು," ಎಂದರು, ಬಹಳ ಸಮಾಧಾನದಿಂದ. ನೀರಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ಮೊಗೆದು ಮೊಗೆದು ಹಾಕಿದೆ.

ಮೈಸೂರಿನ ಆಸ್ಪತ್ರೆಯಲ್ಲಿ ಮೊದಲ ಕೆಲವು ದಿನ ಅವರು ಮಾತಾಡುತ್ತಿದ್ದರು. ಒಮ್ಮೆ ನನ್ನನ್ನು ಹತ್ತಿರಕ್ಕೆ ಕರೆದರು.

"ಅದು ಹಳೇ ಗ್ಯಾಸ್ ಅಲ್ಲ ಕಣ್ಲಾ."

"ಈಗ ಅದ್ಯಾಕೆ ಬಾವ, ಮಾತಾಡ್ಬೇಡಿ."

"ಕೇಳಿಲ್ಲಿ. ಬೆಂಕಿ ನೆಲದಿಂದ ಎದ್ದು ಬಂತು. ಕಾಲ ಹತ್ರ ನಿಂತಿತ್ತು ಗ್ಯಾಸು, ಕಾಣ್ದಂಗೆ. ಬೆಸುಗೆ ಟಾರ್ಚ್ ಹತ್ತಿಸ್ದೆ ನೋಡು, ಕೆಳಗಿಂದ ಬಂತು." ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ನಿಮ್ಮಕ್ಕ ಬೆಳಗ್ಗಿಂದ ಏನೂ ತಿಂದಿಲ್ಲ ಅಂತ ಕಾಣ್ತದೆ. ಕರ್ಕಂಡೋಗಿ ಏನಾದ್ರೂ ತಿನ್ಸು," ಎಂದರು.

ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಆಮೇಲೆ ಜ್ವರ ಬಂತು, ಪ್ರಜ್ಞೆ ಹೋಯಿತು, ಒಂದು ಬೆಳಗ್ಗೆ ತೀರಿಕೊಂಡರು.

ಅಷ್ಟೂ ದಿನ ಪಿರಿಯಾಪಟ್ಟಣದ ಅಣ್ಣ ತಮ್ಮ ಅಂಗಡಿ ಮುಚ್ಚಿ ಆಸ್ಪತ್ರೆಯ ಹೊರಗೆ ಕೂತಿದ್ದರು. ರಕ್ತ ಬೇಕೆಂದಾಗ ಓಡಿದ್ದು ಅವರು, ಔಷಧಿ ತಂದದ್ದು ಅವರು. ಹೊಸ ಅಗ್ರಹಾರದ ಪಕ್ಕದ ಹೊಲದಲ್ಲಿ ಮಣ್ಣು ಮಾಡುವಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಯಾವನೋ ತಿಳಿಗೇಡಿ ಆ ಗ್ಯಾಸು ತುಂಬಿ ಏನೂ ಗುರುತು ಹಾಕದೆ ಹೋಗಿದ್ದಾನೆ, ಅವನು ಸಿಕ್ಕಿದರೆ ಬಿಡುವುದಿಲ್ಲ ಎಂದು ನನ್ನ ಕೈ ಹಿಡಿದುಕೊಂಡು ಹೇಳಿದ್ದರು. ಪೊಲೀಸಿನವರು ಬಂದು ಅದು ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದರು.

ಅಕ್ಕ ಬಸ್ಸಿನಲ್ಲಿ ಹಾಗೆ ಕೇಳಿದ ಮೇಲೆ ನಾನು ಮತ್ತೆ ಆ ಮಂಟಪಕ್ಕೆ ಹೋದೆ. ಹೋಗಲು ಮನಸ್ಸಿರಲಿಲ್ಲ. ಮೇಲಿನ ತಾರಸಿಗೆ ಹತ್ತುವಾಗ ಮೆಟ್ಟಿಲಲ್ಲೇ ಒಮ್ಮೆ ಕೂತೆ. ಯೂನಿಟ್ಟು ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಬೆಂಕಿಯ ಮಸಿ ಒಂದು ಕಡೆಗೆ ಮಾತ್ರ. ಉಳಿದಂತೆ ಕೆನೆಬಣ್ಣದ ಪೇಂಟು ಹೊಳೆಯುತ್ತಿತ್ತು. ಆಗ ನನಗೆ ಮೊದಲ ಬಾರಿ ಅನ್ನಿಸಿತು, ಅಷ್ಟು ಹಳೇ ಮೆಷಿನ್ನಿಗೆ ಅಷ್ಟು ಹೊಸ ಬಣ್ಣ ಎಲ್ಲಿಂದ ಬಂತು ಅಂತ.

ಮಾಲೀಕರು ನನ್ನ ಹಿಂದೆಯೇ ಹತ್ತಿ ಬಂದಿದ್ದರು. ವಯಸ್ಸಾದವರು, ಒಳ್ಳೆಯವರು, ಆಸ್ಪತ್ರೆಗೂ ಬಂದು ಹೋಗಿದ್ದರು.

"ಇದಕ್ಕೆ ಬಣ್ಣ ಹೊಡೆಸಿದ್ರಾ ಸಾರ್?"

"ಹೂಂ ಕಣಪ್ಪ. ಮಂಟಪಕ್ಕೆಲ್ಲಾ ಸುಣ್ಣಬಣ್ಣ ಆಯ್ತಲ್ಲ, ಇದೂ ತುಕ್ಕಿಡ್ದು ಅಸಯ್ಯ ಕಾಣ್ತಿತ್ತು. ಕಂಪನಿ ತಗಡು ಬುಟ್ಟು ಇದ್ಕೂ ಒಂದ್ ಕೋಟ್ ಒಡೀರಿ ಅಂದೆ. ಯಾಕೆ?"

ನಾನು ಜೇಬಿನಿಂದ ಬ್ಲೇಡು ತೆಗೆದು ಪಕ್ಕದ ತಗಡನ್ನು ಕೆರೆಯುತ್ತ ಹೋದೆ. ಎದೆಯ ಮಟ್ಟದಲ್ಲಿ, ಕೆಲಸಕ್ಕೆ ಬಂದವನ ಕಣ್ಣಿಗೆ ನೇರವಾಗಿ ಬೀಳುವ ಜಾಗದಲ್ಲಿ, ಕೆನೆಬಣ್ಣದ ಕೆಳಗೆ ಕೆಂಪು ಕಾಣಿಸಿತು. ಇನ್ನಷ್ಟು ಕೆರೆದೆ. ಬೆಂಕಿಯ ಬೊಂಬೆ ಕಾಣಿಸಿತು. ಆ ಸ್ಟಿಕ್ಕರು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಕೇಳಿದೆ.

"ಇದಕ್ಕೆ ಮೊದಲು ಗ್ಯಾಸ್ ತುಂಬಿದ್ದು ಯಾರು?"

"ಅದೇ, ಪಿರಿಯಾಪಟ್ಣದವ್ರು ಒಬ್ರು ಬಂದಿದ್ರು. ನಮ್ ಮೇನೇಜರು ಕರ್ಸಿದ್ದ. ಈಗ ಆ ಮೇನೇಜರ್ ಇಲ್ಲ." ಹಾಗೆ ಹೇಳಿ ಅವರು ಸ್ಟಿಕ್ಕರನ್ನೂ ನನ್ನನ್ನೂ ನೋಡಿದರು. ಏನಾಗಿದೆ ಎಂದು ಅವರಿಗೂ ಆ ಗಳಿಗೆಯಲ್ಲಿ ತಿಳಿಯಿತು. "ಬಣ್ಣ ಒಡ್ಸಿದೋನು ನಾನೇ ಕಣಪ್ಪ," ಎಂದರು.

ಅಲ್ಲಿಂದ ಸೀದಾ ಪಿರಿಯಾಪಟ್ಟಣಕ್ಕೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಯೋಚಿಸಿಕೊಂಡೇ ಹೋದೆ. ಅಣ್ಣ ಅಂಗಡಿಯಲ್ಲಿ ಒಂದು ಫ್ರಿಜ್ಜನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ಕುರ್ಚಿ ಒರೆಸಿದರು. ನಾನು ಕೂರದೆ, ಮಂಟಪದ ಹೆಸರು ಹೇಳಿದೆ, ವರನ ಕೋಣೆ ಅಂದೆ, ಸ್ಟಿಕ್ಕರಿನ ಮೇಲೆ ಬಣ್ಣ ಹೊಡೆದಿದ್ದರು ಅಂದೆ. ಅವರು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸತೊಡಗಿದರು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದರು.

"ಅದು ಇನ್ಯಾವ್ದೋ ರೂಮು ಅಂದ್ಕಂಡಿದ್ದೆ," ಎಂದರು ಕೊನೆಗೆ. "ನಾನು ಮಾಡಿದ್ದು ವಧು ರೂಮಿಂದು ಅನ್ಕಂಡಿದ್ನಲ್ಲಾ." ಆಮೇಲೆ, "ಅಲ್ಲ. ನಾನು ಮಾಡಿದ್ದು ವರನ ರೂಮಿಂದೇ," ಎಂದರು.

ಬೈಯಲು ಹೋದವನು ಬೈಯದೆ ಹಿಂತಿರುಗಿದೆ. ಆ ಮನುಷ್ಯ ನಿಂತಲ್ಲೇ ಮುದುಕನಾಗಿ ಹೋಗಿದ್ದ.

ಎರಡು ದಿನ ಬಿಟ್ಟು ಅವರೇ ಹುಣಸೂರಿನ ಮನೆಗೆ ಬಂದರು. ನಾನು ಅಷ್ಟರಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದ್ದೆ. ಅಕ್ಕ ನಡುಮನೆಯ ಬಾಗಿಲಲ್ಲಿ ನಿಂತಳು. ಅವರು ಚಪ್ಪಲಿ ಬಿಟ್ಟು, ಹೊಸಲು ದಾಟದೆ ಜಗಲಿಯಲ್ಲೇ ನಿಂತರು.

"ತಂಗೀ, ಅದನ್ನ ತುಂಬಿದೋನು ನಾನೇ."

ಅಕ್ಕ ಅವರನ್ನೇ ನೋಡುತ್ತಿದ್ದಳು.

"ಅವ್ನು ನಂಗೆ ಎಷ್ಟೋ ಸಲ ಯೋಳ್ದ. ಅಳೇ ಮೆಷಿನ್ನಿಗೆ ಬ್ಯಾಡ ಕಣೋ ಅಂದ. ನಾನ್ ಕೇಳ್ನಿಲ್ಲ. ಗುರುತು ಆಕಿದೀನಲ್ಲ ಅನ್ನೋ ಧೈರ್ಯ ನಂಗೆ."

"ಗುರುತು ಆಕಿದ್ರಿ. ಬಣ್ಣ ಒಡ್ದೋರಿಗೆ ಅದೇನು ಅಂತ ಗೊತ್ತಿರ್ಲಿಲ್ಲ. ಒಡೀರಿ ಅಂದೋರಿಗೂ ಗೊತ್ತಿರ್ಲಿಲ್ಲ," ಎಂದಳು ಅಕ್ಕ. "ಅಂಗಾರೆ ನಾನು ಯಾರನ್ನ ಬೈಯ್ಲಿ, ಯೋಳಿ? ನೀವೇ ಯೋಳಿ. ನಂಗೆ ಯಾರಾದ್ರೂ ಒಬ್ರು ಬೇಕು."

"ನನ್ನೇ ಬೈಯ್ಯವ್ವಾ," ಎಂದು ಅವರು ಅತ್ತುಬಿಟ್ಟರು.

ಅಕ್ಕ ಬೈಯಲಿಲ್ಲ. ಅವರ ಅಳು ನಿಲ್ಲುವ ತನಕ ಕಾದಳು. ಸಮಾಧಾನವನ್ನೂ ಹೇಳಲಿಲ್ಲ. ಆಮೇಲೆ ಕೇಳಿದಳು.

"ಇನ್ನೂ ಎಲ್ಲೆಲ್ಲಿ ಆಕಿದೀರಿ ಅದನ್ನ?"

ಅಣ್ಣ ಕಣ್ಣೊರೆಸಿಕೊಂಡು ಯೋಚಿಸಿದರು. ಪಿರಿಯಾಪಟ್ಟಣದಲ್ಲಿ ಇಂಥಿಂಥ ಕಡೆ, ಹುಣಸೂರಿನಲ್ಲಿ ಇಂಥಿಂಥ ಕಡೆ, ಕೋಟೆಯಲ್ಲಿ, ವೀರನಹೊಸಹಳ್ಳಿಯಲ್ಲಿ ಎಂದು ಹೇಳತೊಡಗಿದರು.

"ಎಲ್ಲಾ ಕಡೀಕೂ ಓಗಿ ತೆಗೀರಿ," ಎಂದಳು ಅಕ್ಕ. "ಇವ್ನೂ ಬತ್ತಾನೆ ನಿಮ್ ಜೊತೆ. ಯಾವ್ ಗ್ಯಾಸು ಆಕಿದ್ರೆ ಬೆಂಕಿ ಅತ್ತಲ್ವೋ ಅದನ್ನ ಆಕಿ. ಅದೆಲ್ಲಾ ಮುಗಿಯಗಂಟ ನನ್ನ ಮಾತಾಡುಸ್ಬೇಡಿ."

ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಅನ್ನುತ್ತಿದ್ದೆನೇನೋ.

ಹೀಗೆ ಆ ಬೇಸಿಗೆಯಿಡೀ ನಾನೂ ಅವರೂ ಒಂದೇ ಗಾಡಿಯಲ್ಲಿ ತಿರುಗಿದೆವು. ಯೂನಿಟ್ಟನ್ನು ಬಯಲಿನ ಗಾಳಿಗೆ ಇಳಿಸಿ, ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಂಡು, ಗ್ಯಾಸನ್ನು ನಿಧಾನವಾಗಿ ಬಿಟ್ಟು, ಪೈಪಿನೊಳಗೆ ನೈಟ್ರೋಜನ್ ಹಾಯಿಸಿ ತೊಳೆದು, ಕಟ್ಟರ್‌ನಿಂದ ಕತ್ತರಿಸಿ, ಕಂಪ್ರೆಸರ್ ಬಿಚ್ಚಿ ಆಯಿಲು ಬಸಿದು ಬದಲಿಸುತ್ತಿದ್ದೆವು. ಮತ್ತೆ ಬೆಸೆಯುವ ಸಮಯ ಬಂದಾಗ ಅಣ್ಣನಿಗೆ ಟಾರ್ಚು ಹತ್ತಿಸಲು ಆಗುತ್ತಿರಲಿಲ್ಲ. ಕೈ ಲೈಟರಿನ ತನಕ ಹೋಗಿ ನಿಂತುಬಿಡುತ್ತಿತ್ತು. ಹತ್ತಿಸುವುದು ನಾನು, ಬೆಸೆಯುವುದೂ ನಾನು. ಅವರು ದೂರ ಹೋಗಿ ಬೆನ್ನು ಮಾಡಿ ನಿಲ್ಲುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಬೇರೆ. ಮೆಷಿನ್ನು ಶುರುವಾದ ಮೇಲೆ ತಂಪು ಬಂತೋ ಇಲ್ಲವೋ ನೋಡಲು ಬಾವ ಬೆರಳಿನ ಹಿಂಭಾಗದಿಂದ ಪೈಪನ್ನು ಎರಡು ಸಲ ತಟ್ಟಿ, ಆ ಬೆರಳನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಅಣ್ಣನೂ ಹಾಗೇ ಮಾಡುತ್ತಿದ್ದರು. ಇಬ್ಬರಿಗೂ ಅದನ್ನು ಕಲಿಸಿದ್ದು ಒಬ್ಬನೇ ಮೇಸ್ತ್ರಿ. ಅದನ್ನು ನೋಡಿದಾಗೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಗಾಡಿಯ ಕಡೆ ಹೋಗುತ್ತಿದ್ದೆ.

ಜನ ನಮಗೆ ತೊಂದರೆಯನ್ನೇನೂ ಕೊಡಲಿಲ್ಲ, ಆದರೆ ನಂಬಲೂ ಇಲ್ಲ. ಎಚ್.ಡಿ. ಕೋಟೆಯಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡಿದ್ದ ಡಾಕ್ಟರಮ್ಮ, "ಚೆನ್ನಾಗಿ ತಣ್ಣಗಾಗ್ತಿದೆಯಲ್ಲ, ಯಾಕೆ ತೆಗೀತೀರಿ? ನೀವೇ ಒಳ್ಳೆ ಗ್ಯಾಸು ಅಂತ ಹೇಳಿ ಹಾಕಿದ್ರಿ," ಎಂದು ಅಣ್ಣನನ್ನು ಕೇಳಿದರು.

"ಒಳ್ಳೆದೇ ಕಣಮ್ಮ," ಎಂದರು ಅಣ್ಣ. "ಇನ್ನೊಬ್ಬ ಬಂದು ಬಿಚ್ತಾನಲ್ಲ, ಅವ್ನಿಗೆ ಒಳ್ಳೆದಲ್ಲ." ಆಮೇಲೆ ನಡೆದದ್ದನ್ನೆಲ್ಲ ಹೇಳಿದರು, ಸತ್ತವನು ತಮ್ಮ ಗೆಳೆಯ ಎಂಬುದನ್ನೂ ಸೇರಿಸಿ. ಡಾಕ್ಟರಮ್ಮ ಕಾಯುತ್ತಿದ್ದವರನ್ನು ಪಕ್ಕದ ಕೋಣೆಗೆ ಕಳಿಸಿ ನಮಗೆ ಜಾಗ ಮಾಡಿಕೊಟ್ಟರು.

ಎಲ್ಲರೂ ಹಾಗೆ ಮಾಡಲಿಲ್ಲ. ಕೆಲವರು ಮುಟ್ಟಲೇ ಬಿಡಲಿಲ್ಲ. ಅಂಥ ಕಡೆ ಅಣ್ಣ ಕೈಮುಗಿದು ಇಷ್ಟಕ್ಕಾದರೂ ಬಿಡಿ ಎಂದು ಕೇಳಿಕೊಂಡು, ಮೊಳೆ ಸುತ್ತಿಗೆ ಹಿಡಿದು, ಹೊರಗಿನ ಯೂನಿಟ್ಟಿನ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬೆಂಕಿ ಎಂದು ಹೊಡೆಯುತ್ತಿದ್ದರು. ಒಳಗಿನ ಪೈಪಿಗೆ ತಾಗದಂತೆ ಮೆಲ್ಲಗೆ ಹೊಡೆಯಬೇಕಾಗಿತ್ತು, ಬಹಳ ಹೊತ್ತು ಹಿಡಿಯುತ್ತಿತ್ತು. ಬಣ್ಣ ಹೊಡೆದರೂ ಕೈಗೆ ಸಿಗುವಂಥ ಅಕ್ಷರ. ಮೇಲೆ ಕೈಯಾಡಿಸಿ ನೋಡಿ, ಸಾಲದೆಂದು ಮತ್ತೊಮ್ಮೆ ಹೊಡೆಯುತ್ತಿದ್ದರು. ಆ ಸದ್ದು ಕೇಳುತ್ತ ನಾನು ನೆರಳಿನಲ್ಲಿ ಕೂತಿರುತ್ತಿದ್ದೆ. ಅವರ ಮೇಲೆ ಇದ್ದ ಸಿಟ್ಟು ಎಲ್ಲಿ ಯಾವಾಗ ಹೋಯಿತೆಂದು ನನಗೆ ತಿಳಿಯದು. ಅದು ಹೋದ ಜಾಗದಲ್ಲಿ ಬಾವ ಇಲ್ಲ ಎಂಬುದೊಂದೇ ಉಳಿಯಿತು. ಸಿಟ್ಟು ಇದ್ದಾಗಲೇ ಮೇಲಿತ್ತು ಅನ್ನಿಸುತ್ತದೆ.

ಕೊನೆಗೆ ಉಳಿದದ್ದು ವೀರನಹೊಸಹಳ್ಳಿಯದು. ಕಾಡಿಗೆ ಬರುವ ಪ್ರವಾಸಿಗರಿಗೆ ಒಂದು ಕೋಣೆ ಬಾಡಿಗೆಗೆ ಕೊಡುತ್ತಿದ್ದ ಒಂದು ಮನೆ. ನಾವು ಹೋದಾಗ ಮನೆಯ ಯಜಮಾನ ಅಂಗಳದಲ್ಲಿ ಮುಸುಕಿನ ಜೋಳ ಒಣಹಾಕುತ್ತಿದ್ದ. ಗೋಡೆಯ ಮೇಲೆ ಹೊಸ ಎಸಿ ಇತ್ತು. ಅದನ್ನು ನೋಡಿದ ತಕ್ಷಣ ಅಣ್ಣ ನಿಂತರು.

"ಅಳೇದು ಎಲ್ಲಿ?"

"ಅದಾ? ಕೊಟ್ಟಾಕ್ದೆ ಕಣಣ್ಣ, ಗುಜರಿಯವ್ರಿಗೆ. ಓಡ್ತಾ ಇತ್ತು. ಆದ್ರೂ ಹೊಸ್ದು ತಂದ್ವಲ್ಲ, ಇಟ್ಕಂಡು ಏನ್ ಮಾಡದು?"

ಹುಣಸೂರಿನ ಆಚೆ ರಸ್ತೆಯಲ್ಲಿದ್ದ ಆ ಗುಜರಿ ಅಂಗಡಿಯನ್ನು ಹುಡುಕಿಕೊಂಡು ಹೋದೆವು. ಅಂಗಡಿಯವನು ಕೇರಳದ ಕಡೆಯವನು, ಕನ್ನಡವನ್ನು ಉರುಟು ಉರುಟಾಗಿ ಮಾತಾಡುತ್ತಿದ್ದ. ಕಬ್ಬಿಣ, ಬಾಟಲಿ, ಹಳೇ ಫ್ಯಾನುಗಳ ನಡುವೆ ನಾವು ಮೂವರೂ ಹುಡುಕಿದೆವು.

"ಇಲ್ಲ ಅಲ್ಲಾ," ಎಂದ ಅವನು. "ಓಡುವ ಎಸಿ ಅಲ್ಲವಾ, ಒಡೆಯಲಿಲ್ಲ ನಾನು. ಲೋಡಿನಲ್ಲಿ ಹೋಯಿತು. ಕುಟ್ಟದ ಕಡೆ ಹೋಗುವ ಲಾರಿ. ಅಲ್ಲಿಂದ ಎಲ್ಲಿ ಅಂತ ನನಗೆ ಗೊತ್ತಿಲ್ಲ."

ಅಣ್ಣ ಲಾರಿಯವನ ನಂಬರು ಕೇಳಿದರು. ಸಿಕ್ಕಿತು. ಲಾರಿಯವನು ಇನ್ನೊಬ್ಬನ ನಂಬರು ಕೊಟ್ಟ. ಅವನು ಫೋನು ಎತ್ತಲಿಲ್ಲ. ಅದೇ ವಾರ ನಾವು ಕೇರಳದ ಗಡಿಯ ಕುಟ್ಟಕ್ಕೂ ಹೋಗಿ ಬಂದೆವು. ಕಾಡು ದಾಟಿ ಹೋಗಿ, ಅಂಗಡಿ ಅಂಗಡಿಯಲ್ಲಿ ಕೇಳಿದೆವು. ಕೆನೆಬಣ್ಣದ್ದು, ಇಷ್ಟು ಉದ್ದ, ಪಕ್ಕದಲ್ಲಿ ಕೆಂಪು ಸ್ಟಿಕ್ಕರು ಎಂದು ಅಣ್ಣ ಕೈಯಲ್ಲಿ ಅಳತೆ ತೋರಿಸಿ ತೋರಿಸಿ ಹೇಳಿದರು. ಯಾರಿಗೂ ಗೊತ್ತಿರಲಿಲ್ಲ. ಯಾವುದೋ ಊರಿನಲ್ಲಿ, ಯಾರದೋ ಗೋಡೆಯ ಮೇಲೆ ಅದು ಈಗಲೂ ಓಡುತ್ತಿರಬಹುದು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಒಂದು ಉಳ್ಕತ್ತು ಅನ್ನು," ಎಂದಳು.

"ಹುಡುಕ್ತಾನೇ ಇದೀವಿ ಅಕ್ಕ."

"ಹೂಂ," ಎಂದು ಸೊಪ್ಪನ್ನು ನೀರಿಗೆ ಹಾಕಿದಳು.

ಮುಗಿಯುವ ತನಕ ಮಾತಾಡಿಸಬೇಡಿ ಎಂದಿದ್ದಳು. ಮುಗಿಯಲಿಲ್ಲ. ಅಣ್ಣನೂ ಅವಳನ್ನು ಮಾತಾಡಿಸಲಿಲ್ಲ. ಪಿರಿಯಾಪಟ್ಟಣದ ಅಂಗಡಿಯನ್ನು ಅವರು ಮುಚ್ಚಿದರು, ಈಗ ತಮ್ಮ ಜಮೀನಿನಲ್ಲಿ ಶುಂಠಿ ಬೆಳೆಯುತ್ತಾರೆ. ಆಗಾಗ ಅಲ್ಲಿ ಇಲ್ಲಿ ಫೋನು ಮಾಡಿ ಆ ಮೆಷಿನ್ನನ್ನು ವಿಚಾರಿಸುತ್ತಿರುತ್ತಾರೆ, ಏನಾದರೂ ಸುಳಿವು ಸಿಕ್ಕಿದರೆ ನನಗೆ ಹೇಳಲು ಹುಣಸೂರಿಗೆ ಬರುತ್ತಾರೆ. ಬಂದರೆ ಅಂಗಡಿಯೊಳಗೆ ಕಾಲಿಡುವುದಿಲ್ಲ, ರಸ್ತೆಯ ಆಚೆ ನಿಂತು ನಾನು ಹೊರಗೆ ಬರುವುದನ್ನು ಕಾಯುತ್ತಾರೆ. ಅಕ್ಕ ಈಗ ದಿನವೂ ಅಂಗಡಿಯಲ್ಲಿ ಕೂರುತ್ತಾಳೆ, ಬಂದವರ ಹತ್ತಿರ ಮೆಷಿನ್ನಿನ ವಿಚಾರ ಕೇಳಿಕೊಳ್ಳುತ್ತಾಳೆ.

ಈಚೆಗೆ ಒಮ್ಮೆ ಅಣ್ಣ ಬಂದಾಗ ನಾನು ಒಂದು ಕಂಪ್ರೆಸರಿನ ಕೆಲಸದಲ್ಲಿದ್ದೆ, ತಕ್ಷಣ ಏಳಲು ಆಗಲಿಲ್ಲ. ಹೊರಗೆ ಬಿಸಿಲು ಜೋರಾಗಿತ್ತು. ಅವರು ತಲೆಗೆ ಟವೆಲ್ಲು ಹಾಕಿಕೊಂಡು ಆಚೆ ಬದಿಯಲ್ಲಿ ನಿಂತಿದ್ದರು. ಅಕ್ಕ ಅವರನ್ನು ನೋಡಿದಳು.

"ನೆಳ್ಳಿಗೆ ಬಂದು ನಿಂತ್ಕಳಕ್ಕೆ ಯೋಳೋ," ಎಂದಳು ನನಗೆ.

ನಾನು ಕೂಗಿ ಹೇಳಿದೆ. ಅವರು ರಸ್ತೆ ದಾಟಿ ಬಂದು ಅಂಗಡಿಯ ಮುಂದಿನ ಶೀಟಿನ ಕೆಳಗೆ ನಿಂತರು. ಅಷ್ಟರಲ್ಲಿ ಅಕ್ಕ ಎದ್ದು ಒಳಗೆ ಹೋಗಿದ್ದಳು.